ತುಳಸಿಯ ಪಕ್ಕದ ಲೋಟ

ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿದ್ದ ಜಾನಕಿಗೆ ಸಿಟ್ಟು ಮೂಗಿನ ತುದಿಯಲ್ಲೇ. 2006ರ ಚಳಿಗಾಲದಲ್ಲಿ ಅವಳು ಅಡುಗೆಮನೆಯ ಕಿಟಕಿಯೊಳಗೆ ಬಿತ್ತಿದ ತುಳಸಿ ಎರಡು ಸಲ ಮೊಳೆತು, ಎರಡೆಲೆ ಬಿಡುವಷ್ಟರಲ್ಲಿ ಬುಡ ಕೊಳೆತು ಮಲಗಿತು. ಅವಳು ಹೀಟರನ್ನು ಬೈದಳು, ಪಾಟಿನ ಮಣ್ಣನ್ನು ಬೈದಳು, ಮೆಲ್ಬರ್ನಿನ ಮೋಡವನ್ನೂ ಬಿಡಲಿಲ್ಲ.

ಮೂರನೆಯ ಸಲ ಮೊಳೆತಾಗ, ಒಂದು ಬೆಳಿಗ್ಗೆ ಕಾಫಿ ಬೆರೆಸುತ್ತಾ ತಿರುಗಿ ನೋಡಿದಳು. ಗಂಡ ತಿರುಮಲೇಶ್ ಸ್ನಾನ ಮುಗಿಸಿ, ಕಣ್ಣು ಮುಚ್ಚಿ, ನೂಲಿನಂಥ ಆ ಸಸಿಗಳ ಮೇಲೆ ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ತಾನೂ ಅದನ್ನೇ ಮಾಡಿದ್ದಳಲ್ಲ!

“ರೀ, ನಿಲ್ಸಿ! ನಾವಿಬ್ರೂ ಪೂಜೆ ಮಾಡಿ ಮಾಡಿನೇ ಇದನ್ನ ಸಾಯಿಸ್ತಿದೀವಿ.”

“ತುಳಸಿಗೆ ನೀರು ಹಾಕ್ದೆ ತಿಂಡಿ ತಿನ್ನೋದು ಹೇಗೆ ಕಣೆ?”

ಜಾನಕಿ ಪಾಟಿನ ಪಕ್ಕ ಒಂದು ಸ್ಟೀಲ್ ಲೋಟ ಕುಕ್ಕಿದಳು. “ಇದಕ್ಕೆ ಹಾಕಿ. ಮಣ್ಣು ಒಣಗಿದಾಗ ನಾನೇ ಇದ್ರಿಂದ ಒಂದೊಂದು ಚಮಚ ಹಾಕ್ತೀನಿ.”

ಈ ಸಲ ಸಸಿಗಳು ನಿಂತವು. ಬೇಸಿಗೆ ಬಂದಾಗ ತುಳಸಿ ಹಿತ್ತಲಿಗೆ ಹೋಯಿತು, ಲೋಟ ಕಿಟಕಿಯಲ್ಲೇ ಉಳಿಯಿತು. ತೊಳೆಯೋಣವೆಂದು ಅದನ್ನು ಎತ್ತಿಕೊಂಡರೆ, ಗಂಡ ಅದಕ್ಕೂ ಕುಂಕುಮ ಹಚ್ಚಿಟ್ಟಿದ್ದರು. ಬೈಯಲು ಬಾಯಿ ತೆರೆದ ಜಾನಕಿ, ಲೋಟವನ್ನು ಅಲ್ಲೇ ಇಟ್ಟು, ಮೇಲೊಂದು ಹೂವಿಟ್ಟಳು.