ಫಿರದೋಸ ನಮಾಜು ಬಿಡದ ಹತ್ತು ದಿನ

ಕುಲಗೋಡದ ಆ ಓಣಿಯಲ್ಲಿ ಫಿರದೋಸ ಹೊಲಿದ ಕುಂಚಿಗೆ ತೊಡದೆ ಬೆಳೆದ ಕೂಸು ಇರಲಿಕ್ಕಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳ ಮಡಿಲು ಮಾತ್ರ ತುಂಬಿರಲಿಲ್ಲ. ಊರ ಬಾಯಿ ಮುಚ್ಚುವವರು ಯಾರು? ಕುಂಚಿಗೆ ಒಯ್ಯಲು ಬಂದವರೇ ಬಾಗಿಲಲ್ಲಿ ನಿಂತು ತಾಯತ, ಬೇರು, ಹರಕೆ ಎಲ್ಲ ಹೇಳಿ ಹೋಗುತ್ತಿದ್ದರು.

ಕೊನೆಗೆ ಗಂಡ ಜಮೀರ ಅವಳನ್ನು ಬೆಳಗಾವಿಗೆ ಕರೆದೊಯ್ದ. ಹೊಟ್ಟೆಗೆ ದಿನಾ ಸೂಜಿ ಚುಚ್ಚಿಸಿಕೊಂಡಳು. ದೇಹದ ಹೊರಗೆ ಕೂಡಿಸಿದ ಎರಡು ಜೀವಗಳನ್ನು ಡಾಕ್ಟರು ಗರ್ಭದಲ್ಲಿಟ್ಟರು, ಒಂದು ನಿಂತಿತು. ದೃಷ್ಟಿಯಾದೀತೆಂದು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಆರನೆಯ ವಾರ ಒಂದು ಬೆಳಗ್ಗೆ ಬಟ್ಟೆಯ ಮೇಲೆ ರಕ್ತ ಕಂಡಿತು.

ಗೋಕಾಕದ ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ಗರ್ಭದ ಚೀಲ ಕಾಣುತ್ತದೆ, ಎದೆಬಡಿತ ಇನ್ನೂ ಕಾಣುತ್ತಿಲ್ಲ, ಉಳಿಯಲೂಬಹುದು, ಹೋಗಲೂಬಹುದು, ಹತ್ತು ದಿನ ಬಿಟ್ಟು ಬನ್ನಿ ಎಂದರು. ಹೇಳುವವರಿಗೆ ಅದು ಹತ್ತು ದಿನ. ಕಳೆಯುವವರನ್ನು ಕೇಳಬೇಕು.

ಮನೆಗೆ ಬಂದ ಫಿರದೋಸ ನಮಾಜಿನ ಚಾಪೆ ಹಾಸಲಿಲ್ಲ. ತಿಂಗಳ ದಿನಗಳಲ್ಲಿ ಹೆಂಗಸರಿಗೆ ನಮಾಜಿಲ್ಲ, ರಕ್ತ ಕಂಡಮೇಲೆ ಇನ್ನೇನು ಎಂದುಕೊಂಡಿದ್ದಳು. ಅತ್ತೆ ಗುಡುಬಿ ಓಣಿಯ ಹುಡುಗಿಯರಿಗೆಲ್ಲ ಕುರಾನ್ ಓದಲು ಕಲಿಸಿದವಳು. ಸೊಸೆಯ ಬಾಜೂ ಕೂತು ಹೇಳಿದಳು:

"ಬಸುರಿದ್ದಾಗ ಹೋಗೂ ರಕ್ತ ತಿಂಗಳದ್ದಲ್ಲ. ಪ್ರತಿ ಸಲ ಹೊಸದಾಗಿ ವಜೂ ಮಾಡ್ಕೊ, ನಮಾಜ್ ಬಿಡಬ್ಯಾಡ."

ಆ ಮಾತನ್ನು ಫಿರದೋಸ ಗಟ್ಟಿಯಾಗಿ ಹಿಡಿದುಬಿಟ್ಟಳು. ನಮಾಜು ಇದೆಯೆಂದರೆ ಬಸುರು ಇದೆ. ದಿನಕ್ಕೆ ಐದು ಸಲ ಗುಡುಬಿ ವಜೂಗೆ ತಂಬಿಗೆಯಲ್ಲಿ ನೀರು ತಂದಿಡುವಳು. ಇವಳು ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ನಿಲ್ಲುವಳು. ಬಟ್ಟೆಯ ಮೇಲೆ ಒಮ್ಮೆ ಕಂದು, ಒಮ್ಮೆ ಕೆಂಪು. ಬಾಗಿದಾಗೆಲ್ಲ ಒಳಗಿನದು ಜಾರಿತೇ ಎಂದು ಜೀವ ಹಿಡಿಯಾಗುತ್ತಿತ್ತು. ಕೂತೇ ಮಾಡು, ಅದಕ್ಕೂ ಅಪ್ಪಣೆ ಇದೆ ಎಂದು ಜಮೀರ ಬೇಡಿಕೊಂಡ. ಕೂತರೆ ಸೋತಂತೆ ಎಂದು ಹಟಮಾರಿ ಕೇಳಲಿಲ್ಲ.

ಆರನೆಯ ದಿನ ಬೆಳಗಿನ ವಾಂತಿ ನಿಂತಿತು. ಬಸುರಿಗೆ ಬಿಗಿದಿದ್ದ ಎದೆಯ ನೋವೂ ಹೋಯಿತು. ಅದರ ಅರ್ಥ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳದೆ ಚಾಪೆ ಹಾಸಿದಳು.

ಹತ್ತನೆಯ ದಿನ ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿ, ಗರ್ಭ ಬೆಳೆದೇ ಇಲ್ಲ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫಿರದೋಸ ಒಂದೇ ಮಾತು ಕೇಳಿದಳು: "ನಾ ಬಾಗಿದ್ದಕ್ಕ ಹೋತೇನ್ರಿ?" ಇಲ್ಲ, ನೀವು ಏನು ಮಾಡಿದ್ದರೂ ಬಿಟ್ಟಿದ್ದರೂ ಇಷ್ಟೇ ಎಂದು ಅವರು ಎರಡು ಸಲ ಹೇಳಿದರು. ಅವಳು ನಂಬಲಿಲ್ಲ. ಬಸ್ಸಿನಲ್ಲಿ ಗಂಡನ ಮುಖವನ್ನೂ ನೋಡಲಿಲ್ಲ.

ಮನೆ ಮುಟ್ಟುವಾಗ ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುತ್ತಿತ್ತು. ಏನಾಯಿತೆಂದು ಕೇಳುವ ಧೈರ್ಯ ಗುಡುಬಿಗೆ ಇರಲಿಲ್ಲ. ತಂಬಿಗೆ ತುಂಬಿ ತಂದು ಸೊಸೆಯ ಮುಂದಿಟ್ಟಳು.

ಫಿರದೋಸ ಅದನ್ನು ಮೆಲ್ಲನೆ ಅತ್ತೆಯ ಕಡೆ ಸರಿಸಿದಳು.

"ನೀವ ಮಾಡ್ಕೋರಿ, ಅಮ್ಮಾ. ನನಗ ನಮಾಜ್ ಇಲ್ಲ."