ಎಡಗಡೆಯ ಲಾಳಿ

ಮೊಳಕಾಲ್ಮುರಿನಲ್ಲಿ ಮೊದಲ ಬೆಳಗ್ಗೆ ಬಾಗಿಲು ತೆರೆದರೆ ಬೀದಿಯೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳ ಹಾಸು, ಕೆಂಪು ರೇಷ್ಮೆಯದು, ಎಳೆದು ಕಟ್ಟಿದ್ದರು. ಹೆಂಗಸರು ಕೊಡ ಹೊತ್ತು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. ನಾಯಿಯನ್ನು ಕೂಡ ಕಟ್ಟಿಹಾಕಿದ್ದರು. ಹಾಸು ಬಿಸಿಲಿನಲ್ಲಿರುವಷ್ಟು ಹೊತ್ತು ಬೀದಿ ನೇಕಾರನದು. ಗಾಡಿಗಳು ಬಳಸಿಕೊಂಡು ಹೋಗಬೇಕು. ಅದು ಇಲ್ಲಿಯ ಕಟ್ಟಳೆ.

ಬೆಟಗೇರಿಯಲ್ಲಿ ವಿದ್ಯುತ್ ಮಗ್ಗಗಳು ಬಂದು ನಮ್ಮ ಕೈಮಗ್ಗ ನಿಂತಾಗ ನಾನೂ ನಮ್ಮವರು ಸಾಮುವೇಲಪ್ಪನವರೂ ಇಲ್ಲಿಗೆ ಹೊರಟೆವು. ನಮ್ಮ ಕ್ರೈಸ್ತ ಸಭೆಯವರಾದ ನೀವು ಬಸ್‌ಸ್ಟ್ಯಾಂಡಿನವರೆಗೆ ಬಂದು ಪ್ರಾರ್ಥಿಸಿ ಕಳಿಸಿದ್ದಿರಿ. ಅಲ್ಲಿ ಮಗ್ಗಕ್ಕೆ ಒಬ್ಬರು, ಇಲ್ಲಿ ಇಬ್ಬರು. ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು. ನೇಯುವವರ ಎಡಕ್ಕೆ ಮತ್ತೊಬ್ಬರು ಕೂತು ಅಂಚಿನ ಲಾಳಿ ಎಸೆದುಕೊಡಬೇಕು. ಒಂಟಿ ಮನುಷ್ಯನಿಗೆ ಈ ಸೀರೆ ಬಗ್ಗುವುದಿಲ್ಲ. ನಮ್ಮವರು ನೇಯುತ್ತಿದ್ದರು, ಎಡಗಡೆಯ ಲಾಳಿ ನನ್ನದು.

ಜೋಳದ ರೊಟ್ಟಿಯ ಬದಲು ರಾಗಿಮುದ್ದೆ. ಬೀದಿಯ ಮಾತು ಅರ್ಧ ತೆಲುಗು. ನಮ್ಮನ್ನು ‘ಕೊತ್ತವಾಳ್ಳು’ ಎನ್ನುತ್ತಿದ್ದರು, ಹೊಸಬರು ಎಂದು. ಎದುರುಮನೆಯ ಓಬಕ್ಕ ನಾನು ಉಣ್ಣುವುದನ್ನು ನೋಡಿ ನಕ್ಕಳು: “ಅಯ್ಯೋ ಮಾರ್ತಕ್ಕ, ಮುದ್ದೆ ಅಗೀತಾರೇನೇ? ಹಲ್ಲಿಗೆ ಗೊತ್ತಾಗ್ದಂಗೆ ನುಂಗ್ಬೇಕು!” ತಿಂಗಳಿಗೊಮ್ಮೆ ಚಳ್ಳಕೆರೆಗೆ ಬಸ್ಸು ಹತ್ತಿ, ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯೊಂದರಲ್ಲಿ ಕೂಡುವ ಸಭೆಗೆ ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ ನನ್ನ ಭಕ್ತಿ ಭಾನುವಾರದ ಸೀರೆಯಂತಿತ್ತು. ಉಡುವುದು, ಮಡಚಿಡುವುದು.

ಎರಡನೆಯ ಬೇಸಿಗೆ. ಬೀದಿಯಲ್ಲಿ ನಮ್ಮ ಹಾಸಿತ್ತು. ಓಬಕ್ಕನ ಗಂಡ ತಿಪ್ಪೇಶ ಬೆಳಗ್ಗೆಯೇ ಕುಡಿದು ಲಗೇಜ್ ಆಟೋವನ್ನು ಅದರ ಮೇಲೆ ನುಗ್ಗಿಸಿದ. ರೇಷ್ಮೆ ಚಕ್ರಕ್ಕೆ ಸುತ್ತಿಕೊಂಡು ಹರಿಯಿತು. ನಮ್ಮವರು ಅವನ ಕೊರಳಪಟ್ಟಿ ಹಿಡಿದು ಕೆಳಗೆಳೆದರು.

“ಕಣ್ಣಿಲ್ಲೇನಲೇ ನಿನಗ?”

“ಬೀದಿ ನಿಮ್ಮಪ್ಪಂದೇನಲೇ, ಎಲ್ಲಿಂದ್ಲೋ ಬಂದೋನೇ?”

ತಿಪ್ಪೇಶ ಹಾಸು ಬಿಗಿದಿದ್ದ ಗೂಟವನ್ನೇ ಕಿತ್ತು ಹೊಡೆದ. ಮೊದಲ ಏಟಿಗೆ ಬಿದ್ದರು. ಬಿದ್ದವರ ತಲೆಗೆ ಮತ್ತೆ ಹೊಡೆದ. ರಕ್ತ ಕೆಂಪು ರೇಷ್ಮೆಗೆ ಇಳಿದು ಎಲ್ಲಿ ಹೋಯಿತೋ ಕಾಣಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ಸಾಗಿಸುವಾಗ, ರಾಂಪುರ ದಾಟುವಷ್ಟರಲ್ಲಿ, ನನ್ನ ತೊಡೆಯ ಮೇಲೆಯೇ ಉಸಿರು ನಿಂತಿತು.

ಚಳ್ಳಕೆರೆಯ ಸಭೆಯವರು ತಮ್ಮೂರಲ್ಲೇ ಮಣ್ಣು ಮಾಡಿದರು. ತಿಪ್ಪೇಶ ಜೈಲಿಗೆ ಹೋದ. ಊರಿನಿಂದ ಅಣ್ಣ ಬಂದು, “ನಡಿ ತಂಗಿ, ಈ ಊರಾಗ ಇನ್ನೇನೈತಿ ನಿನಗ?” ಎಂದ. ನಾನು ಹೊರಡಲಿಲ್ಲ. ತಿಪ್ಪೇಶನನ್ನು ಚಳ್ಳಕೆರೆಯ ಕೋರ್ಟಿಗೆ ಕರೆತರುವ ದಿನ ಕೊಲ್ಲಬೇಕೆಂದಿದ್ದೆ. ನೂಲು ಕೊಯ್ಯುವ ಚೂರಿಯನ್ನು ದಿನಾ ಕಲ್ಲಿಗೆ ಉಜ್ಜುತ್ತಿದ್ದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದ ಕೂಡಲೇ ಬಾಯಿ ಕಟ್ಟುತ್ತಿತ್ತು. ಕೊನೆಗೆ ಪ್ರಾರ್ಥನೆಯನ್ನೇ ಬಿಟ್ಟೆ.

ಹರಿದ ಹಾಸಿಗೂ ಮೊದಲೇ ಏರಿಸಿ ನಮ್ಮವರು ಅರ್ಧ ನೇಯ್ದಿದ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಎಡಕ್ಕೆ ಕೂರಲು ಯಾರನ್ನು ಕರೆದರೂ ಬರಲಿಲ್ಲ. ಕೊಲೆಯಾದವನ ಮಗ್ಗವೆಂದು ಹೆದರಿದರು. ಒಂದು ಮಧ್ಯಾಹ್ನ ತಲೆ ಕೆಟ್ಟು, ಮಗ್ಗದ ಮೇಲಿನ ಇಡೀ ಹಾಸನ್ನೇ ಕೊಯ್ದುಹಾಕಲು ಚೂರಿ ಎತ್ತಿದೆ. ಬಾಗಿಲಲ್ಲಿ ನಿಂತಿದ್ದ ಓಬಕ್ಕ ಓಡಿಬಂದು ಅಲಗನ್ನೇ ಹಿಡಿದಳು.

“ಬಿಡು ರಂಡೇ! ಇಲ್ಲಂದ್ರ ನಿನ್ನೂ ಕೊಯ್ತೀನಿ!”

“ನನ್ನ ಕುಯ್ಯಿ. ಸಾಮುವೇಲಣ್ಣ ನೇಯ್ದಿದ್ದ ಕುಯ್ಯಬ್ಯಾಡ.”

“ಗಂಡನ್ನ ಬಿಡಿಸ್ಕೊಳ್ಳಾಕ ಬಂದಿಯೇನು?”

“ಅವ್ನು ಅಲ್ಲೇ ಕೊಳೀಲಿ. ಕ್ಷಮಿಸು ಅನ್ನಾಕೆ ಬಂದಿಲ್ಲಕ್ಕ. ಎಡಕ್ಕೆ ಕುಂತ್ಕಣಾಕೆ ಬಂದೀನಿ.”

ಅವಳ ಅಂಗೈಯ ರಕ್ತ ನನ್ನ ಮೊಣಕೈವರೆಗೆ ಇಳಿಯಿತು. ಆ ಮನೆಯ ರಕ್ತಕ್ಕೆಂದೇ ಕಾದಿದ್ದವಳು ನಾನು. ಬೆಚ್ಚಗಿತ್ತು. ನಮ್ಮವರದು ನನ್ನ ತೊಡೆಯ ಮೇಲೆ ಇದ್ದಷ್ಟೇ ಬೆಚ್ಚಗೆ. ಚೂರಿ ಬಿಟ್ಟು, ಸೆರಗು ಹರಿದು ಅವಳ ಕೈ ಕಟ್ಟುತ್ತ “ಕರ್ತನೇ, ಕರ್ತನೇ” ಎಂದು ಅರಚಿದೆ. ನನ್ನ ಬದುಕಿನ ಮೊದಲ ನಿಜವಾದ ಪ್ರಾರ್ಥನೆ ಅದು. ಆತ್ಮ ಮತ್ತೆ ಚಿಗುರುವ ಉಜ್ಜೀವನವೆಂದರೆ ಹಾಡು, ಚಪ್ಪಾಳೆ, ಸಂತೋಷದ ಕಣ್ಣೀರು ಎಂದು ನಮ್ಮೂರ ಕೂಟಗಳಲ್ಲಿ ತಿಳಿದಿದ್ದೆ. ನನಗಾದದ್ದು ಡೊಂಕಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕಟ್ಟಿದಂತೆ.

ಗಾಯ ಮಾದ ಮೇಲೆ ಓಬಕ್ಕ ಎಡಕ್ಕೆ ಕೂತಳು, ನಾನು ನಮ್ಮವರ ಜಾಗದಲ್ಲಿ. ಸೀರೆ ಮುಗಿಯಿತು. ಕೋರ್ಟಿನ ದಿನ ಬರಿಗೈಯಲ್ಲಿ ಹೋಗಿ, ಕಂಡದ್ದನ್ನು ಹೇಳಿ ಬಂದೆ.

ಕ್ರಿಸ್ಮಸ್ಸಿಗೆ ಬೆಟಗೇರಿಗೆ ಬಂದಾಗ, ದೇವರು ನನ್ನಲ್ಲಿ ಮಾಡಿದ್ದಕ್ಕೆ ಸಭೆಯಲ್ಲಿ ಸಾಕ್ಷಿ ಹೇಳೆಂದಿರಿ. ಎದ್ದು ನಿಂತು, ಹಾಗೇ ಕೂತುಬಿಟ್ಟೆ. ಅದಕ್ಕೇ ಈ ಬರಹ. ಕ್ಷಮಿಸುವ ಆ ಸಾಲು ಈಗ ನಾಲಿಗೆಗೆ ಬರುತ್ತದೆ. ಕೆಲವು ದಿನ ಹಲ್ಲು ಕಚ್ಚಿಕೊಂಡೇ ಹೇಳುತ್ತೇನೆ. ನಿಮ್ಮ ನಡುವೆ ರೊಟ್ಟಿ ಮುರಿಯುವಾಗ ಚಳ್ಳಕೆರೆಯ ಮಣ್ಣು ಕರೆಯಿತು. ಇಲ್ಲಿ ಮುದ್ದೆ ನುಂಗುವಾಗ ನಿಮ್ಮ ಚರ್ಚಿನ ಗಂಟೆಯ ಸದ್ದು ಕೇಳುತ್ತದೆ. ಬೀದಿಯವರಿಗೆ ನಾನಿನ್ನೂ ಕೊತ್ತವಾಳ್ಳು. ಬೆಟಗೇರಿಯ ಮಕ್ಕಳಿಗೆ ಮೊಳಕಾಲ್ಮುರು ಅತ್ತೆ.

ತಿಪ್ಪೇಶ ಎಂದಾದರೂ ಬಿಡುಗಡೆಯಾಗಿ ಎದುರುಬಾಗಿಲಿಗೆ ಬಂದರೆ ನನ್ನ ಕೈ ಏನು ಮಾಡೀತೋ ತಿಳಿಯದು. ಅದಕ್ಕೆ ಚೂರಿಯನ್ನು ಓಬಕ್ಕನ ಬಳಿಯೇ ಇಟ್ಟಿದ್ದೇನೆ. ನೂಲು ಕೊಯ್ಯಬೇಕಾದಾಗ ಕೈ ಚಾಚುತ್ತೇನೆ.

“ತಗಾಕ್ಕ,” ಎನ್ನುತ್ತಾಳೆ. “ಕುಯ್ದು ವಾಪಸ್ ಕೊಡು.”