ಬೀಳಿಸಿದವನು ಕೂರಬೇಕು

ಯುದ್ಧದ ಕಾಲದಲ್ಲಿ ಮದ್ದೂರಿನಲ್ಲಿ ನಾವು ಹಾಕಿ ಆಟ ಆಡುತ್ತಿದ್ದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ಪಲ್ಟನ್ನಿನಿಂದ ನಿವೃತ್ತರಾಗಿ ಊರಿಗೆ ಬಂದ ಹವಾಲ್ದಾರರೊಬ್ಬರು ನಮಗೆ ಆ ಹುಚ್ಚು ಹಿಡಿಸಿದ್ದರು. ಮೈಸೂರಿನಿಂದ ತಂದ ಕೋಲುಗಳು ಮೂರೋ ನಾಲ್ಕೋ ಇದ್ದವು. ಉಳಿದವನ್ನು ನಮ್ಮ ಊರಿನ ಬಡಗಿ ಹುಣಸೆ ಮರದಲ್ಲಿ ಕೆತ್ತಿ ಕೊಟ್ಟಿದ್ದ. ಅವುಗಳ ಏಟು ಎಂಥದು ಎಂಬುದು ತಿಂದವನಿಗೇ ಗೊತ್ತು.

ಕೋಲನ್ನು ಭುಜಕ್ಕಿಂತ ಮೇಲೆತ್ತಿ ಬೀಸಬಾರದು ಎಂದು ಹವಾಲ್ದಾರರು ಮೊದಲ ದಿನವೇ ಹೇಳಿದ್ದರು. ಹಾಗೆ ಬೀಸಿ ಯಾರನ್ನಾದರೂ ಬೀಳಿಸಿದರೆ, ಎಂದರೆ ಆಡಲಾಗದಂತೆ ಗಾಯ ಮಾಡಿದರೆ, ಅದಕ್ಕೆ ಅವರದೇ ಒಂದು ಶಿಕ್ಷೆಯಿತ್ತು. ಬಿದ್ದವನು ಮತ್ತೆ ಕೋಲು ಹಿಡಿದು ಮೈದಾನಕ್ಕೆ ಇಳಿಯುವವರೆಗೆ ಬೀಳಿಸಿದವನು ಹೊರಗೆ ಕೂರಬೇಕು. ಬಿದ್ದವನು ನಮ್ಮ ಕಡೆಯವನೋ ಎದುರು ಕಡೆಯವನೋ ಎಂದು ಕೇಳುವಂತಿಲ್ಲ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ! ನಮಗೂ ಹಾಗೇ ಅನ್ನಿಸಿತ್ತು. ತಪ್ಪಿಗಲ್ಲ, ಗಾಯಕ್ಕೆ ಶಿಕ್ಷೆ ಅಳೆಯುತ್ತಿದ್ದೇವೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬೀಸಿದ ಕೋಲು ಯಾರಿಗೂ ತಾಗದೆ ಹೋದರೆ ಹವಾಲ್ದಾರರು ಗದರಿ ಸುಮ್ಮನಾಗುತ್ತಿದ್ದರು.

ಆ ಶಿಕ್ಷೆಗೆ ಮೊದಲು ಸಿಕ್ಕಿದವನು ನನ್ನ ಗೆಳೆಯ. ಮುಸ್ಲಿಂ ಮನೆತನದವನು; ಅವನ ತಂದೆ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ನಮ್ಮ ಪೈಕಿ ನಿಜವಾಗಿ ಆಟ ಬರುತ್ತಿದ್ದವನು ಅವನೊಬ್ಬನೇ ಎಂದರೂ ಸರಿ. ಮಂಡ್ಯದವರ ಮೇಲೆ ಆಡುವಾಗ ಭರದಲ್ಲಿ ಕೋಲೆತ್ತಿ ಬೀಸಿದ. ಅದು ಮಂಡ್ಯದ ಪರವಾಗಿ ಆಡುತ್ತಿದ್ದ ಕೆರಗೋಡಿನ ರೈತನೊಬ್ಬನ ಕೈಗೆ ಬಿದ್ದು ಬೆರಳ ಮೂಳೆ ಮುರಿಯಿತು. ಹವಾಲ್ದಾರರು ಬಾಯಿ ತೆರೆಯುವ ಮೊದಲೇ ಗೆಳೆಯ ಕೋಲು ಕೆಳಗಿಟ್ಟು ಹೊರಗೆ ಹೋಗಿ ಕೂತ.

ಕೆರಗೋಡಿನವನ ಕೈ ವಾಸಿಯಾಯಿತು. ಮಂಡ್ಯದಲ್ಲಿ ಅವನು ಕಬ್ಬಿನ ಗಾಡಿ ಹೊಡೆದುಕೊಂಡು ಹೋಗುವಾಗ ನಾನೇ ಕಂಡು, ಒಂದು ಸಲ ಬಂದು ಆಡಪ್ಪ ಎಂದು ಕೇಳಿಕೊಂಡೆ. "ಕಬ್ಬು ಕಡಿಯೋರ್ಯಾರು? ಆಟ ಸಾಕು ಬುಡು" ಎಂದು ನಕ್ಕು ಎತ್ತು ಬಡಿದ. ಊರಿಗೆ ಬಂದು ಹವಾಲ್ದಾರರಿಗೆ ಹೇಳಿದರೆ ಅವರು ಜಗ್ಗಲಿಲ್ಲ. ಅವನು ಇಳಿದಿಲ್ಲವಲ್ಲ, ಹಾಗಾದರೆ ಇವನೂ ಕೂರಬೇಕು, ನಿಯಮ ಎಂದರೆ ನಿಯಮ. ಗೆಳೆಯ ಎದುರಾಡಲಿಲ್ಲ. ದಿನಾ ಸಂಜೆ ಬಂದು ಮೈದಾನಕ್ಕೆ ಸುಣ್ಣದ ಗೆರೆ ಹಾಕಿ ಬದಿಯಲ್ಲಿ ಕೂರುತ್ತಿದ್ದ. ಹೀಗೇ ಒಂದು ಬೇಸಿಗೆ ಕಳೆದು ಇನ್ನೊಂದು ಬಂತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವನು ಮಾತ್ರ, "ನಾನೇ ವೊಡ್ದಿದ್ದಲ್ವಾ, ಕೂರ್ತೀನಿ ಬುಡ್ಲಾ" ಎನ್ನುತ್ತಿದ್ದ.

ಆಮೇಲೆ ಏಟು ತಿನ್ನುವ ಸರದಿ ನನ್ನದಾಯಿತು. ನಮ್ಮ ನಮ್ಮಲ್ಲೇ ಆಡುವಾಗ ದೊಡ್ಡಮನೆಯವರ ಮಗ ಕೋಲು ಎತ್ತಿ ಬೀಸಿದ. ನನ್ನ ಮೊಣಕಾಲಿನ ಚಿಪ್ಪು ಬಿರಿಯಿತು. ನಿಯಮದಂತೆ ಅವನೂ ಹೊರಗೆ ಕೂತ. ಹುಡುಗ ಕೆಟ್ಟವನಲ್ಲ, ಎರಡು ಸಲ ಮನೆಗೆ ಬಂದು ನೋಡಿಕೊಂಡೂ ಹೋದ. ನಾಟಿ ವೈದ್ಯರು ಮೊಟ್ಟೆ, ಸೊಪ್ಪು ಅರೆದು ಪಟ್ಟು ಹಾಕಿದರು. ನಾನು ಚಾಪೆ ಹಿಡಿದೆ. ಆ ಕಾಲು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ.

ಮಳವಳ್ಳಿಯವರ ಮೇಲಿನ ಪಂದ್ಯ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಹವಾಲ್ದಾರರು ನಮ್ಮ ಮನೆಗೆ ಬಂದರು. ಗಾಡಿ ಕಳಿಸುತ್ತೇನೆ, ಮೈದಾನದಲ್ಲಿ ಇಬ್ಬರು ನಿನ್ನನ್ನು ಹಿಡಿದುಕೊಳ್ಳುತ್ತಾರೆ, ಕೋಲು ಹಿಡಿದು ಒಂದು ಗಳಿಗೆ ನಿಂತರೆ ಸಾಕು ಎಂದರು. ಬಿದ್ದವನು ಇಳಿದ ಹಾಗಾಗುತ್ತದೆ, ದೊಡ್ಡಮನೆಯ ಹುಡುಗ ಆಡಬಹುದು.

ಒಲೆಯ ಮುಂದಿದ್ದ ನನ್ನವ್ವ ಎದ್ದು ಬಂದಳು. "ಏನ್ ಹವಾಲ್ದಾರಣ್ಣ, ಕಾಲ್ ಮುರ್ಕಂಡ್ ಬಿದ್ದಿರೋನ್ನ ಬೆದರುಬೊಂಬೆ ತರ ನಿಲ್ಸಕ್ಕೆ ಬಂದಿದ್ದೀರಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ಅವರ ಮೇಲಿದ್ದ ಗೌರವಕ್ಕೆ ಹಲ್ಲು ಕಚ್ಚಿಕೊಂಡು, "ನಿಂತ್ಕತೀನಿ. ಕೆರಗೋಡಿನವ್ನ ಕೈ ವಾಸಿಯಾಗಿ ವರ್ಸಾಯ್ತು. ಮೊದ್ಲು ಅವ್ನಿಗೆ ಗಾಡಿ ಕಳ್ಸಿ. ಅವ್ನು ಒಂದು ಗಳ್ಗೆ ನಿಂತ್ಕಳ್ಳಿ. ಆಮೇಲೆ ನಾನು" ಎಂದೆ.

"ಅದು ಬೇರೆ, ಇದು ಬೇರೆ" ಎಂದರು.

"ಯಂಗ್ ಬೇರೆ, ಯೋಳಿ."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮೈದಾನ ದೊಡ್ಮನೆಯವ್ರ ಜಮೀನು ಕಣಪ್ಪ" ಎಂದರು. ಗುಂಡಿನ ಸದ್ದಿಗೆ ಹೆದರದ ಮನುಷ್ಯ ಆ ಮಾತನ್ನು ನನ್ನ ಮುಖ ನೋಡಿ ಹೇಳಲಾರದೆ ಹೋದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಅವರು ಎದ್ದು ಹೋದರು.

ಕೆರಗೋಡಿಗೆ ಗಾಡಿಯೇನೂ ಹೋಗಲಿಲ್ಲ. ಅದಕ್ಕಿಂತ ಸುಲಭದ ದಾರಿ ಅವರಿಗೆ ಸಿಕ್ಕಿತು. ನಿಯಮವನ್ನೇ ತೆಗೆದುಹಾಕಿದರು. ಇನ್ನು ಮುಂದೆ ಯಾರೂ ಕೂರಬೇಕಾಗಿಲ್ಲ, ಎಲ್ಲರೂ ಆಡಬಹುದು.

ಇದು ನನಗೆ ತಿಳಿದದ್ದು ಪಂದ್ಯದ ದಿನ ಮಧ್ಯಾಹ್ನ, ಗೆಳೆಯನ ಬಾಯಿಂದ. ಅವನು ಬಂದು ನನ್ನ ಚಾಪೆಯ ಪಕ್ಕ ಕೂತ. ಅವ್ವ ಕೊಟ್ಟ ಮಜ್ಜಿಗೆ ಕುಡಿದ. ಅವನ ಕೋಲು ಕೈಯಲ್ಲಿರಲಿಲ್ಲ. ನನಗೋ ಕುಣಿಯುವಷ್ಟು ಸಂತೋಷ. ನನ್ನ ಹಟದಿಂದಲೇ ಅವನ ಶಿಕ್ಷೆ ಮುಗಿಯಿತಲ್ಲ ಎಂಬ ಹೆಮ್ಮೆ ಬೇರೆ.

"ಇಲ್ಲ್ಯಾಕ್ಲಾ ಕುಂತಿದ್ದೀಯ? ವೊತ್ತಾಯ್ತು, ಓಗು, ಓಗಿ ಆಡು!" ಎಂದೆ.

ಅವನು ಏಳಲಿಲ್ಲ. ಖಾಲಿ ಲೋಟವನ್ನು ನೆಲದ ಮೇಲಿಟ್ಟ.

"ಇಷ್ಟ್ ದಿವ್ಸ ತಪ್ಪು ಮಾಡಿದ್ದುಕ್ಕೆ ಕುಂತಿವ್ನಿ ಅಂದ್ಕಂಡಿದ್ದೆ ಕಣ್ಲಾ. ಅದ್ಕೇ ನಂಗೆ ಬೇಜಾರಿರ್ಲಿಲ್ಲ" ಎಂದ. "ಈಗ ನೀನೇ ಯೋಳು, ನಾನು ಯಾತಕ್ಕೆ ಕುಂತಿದ್ದೆ?"